ಪಾಲಿಕೆ ಸಭೆಯ ಠರಾವು: ಕಲಬುರಗಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮೊದಲು ನಿಮ್ಮ ವಾರ್ಡ್ ನಂಬರ್ ತಿಳಿದುಕೊಳ್ಳಿ. ಊರಲ್ಲಿ 55 ವಾರ್ಡ್‌ಗಳಿವೆ. ಬಡಾವಣೆಯ ಹೆಸರು ನಂಬಿ ಹೋದರೆ ಪಕ್ಕದ ವಾರ್ಡಿನ ಸದಸ್ಯರ ಮನೆ ಮುಂದೆ ನಿಂತಿರುತ್ತೀರಿ. ಬಾಡಿಗೆಯವರು ಮಾಲೀಕರ ತೆರಿಗೆ ರಸೀದಿ ನೋಡಿ.

ಠರಾವು (ಸಭೆಯ ನಿರ್ಣಯ) ಓದುವ ಬಗೆ

ಪಾಲಿಕೆಯ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ಮರುದಿನ ಪೇಪರಿನಲ್ಲಿ 'ಒಳಚರಂಡಿಗೆ ಒಪ್ಪಿಗೆ' ಎಂದು ಬಂದ ಕೂಡಲೇ ಓಣಿಯವರಿಗೆಲ್ಲ ಸಿಹಿ ಹಂಚಬೇಡಿ. ನಡವಳಿಯಲ್ಲಿ, ಅಂದರೆ ಸಭೆಯ ಅಧಿಕೃತ ದಾಖಲೆಯಲ್ಲಿ, ಆ ವಿಷಯದ ಕೊನೆಯ ಸಾಲು ಏನಿದೆ ಎಂಬುದೇ ಮುಖ್ಯ. 'ಅಂಗೀಕರಿಸಲಾಯಿತು' ಎಂದಿದ್ದರೆ ದಾರಿ ತೆರೆದಿದೆ. 'ಸ್ಥಾಯಿ ಸಮಿತಿಗೆ ವಹಿಸಲಾಯಿತು' ಎಂದರೆ ನಾಲ್ಕು ಸಮಿತಿಗಳಲ್ಲಿ ಒಂದರ ಮುಂದೆ ಮತ್ತೆ ಚರ್ಚೆ. 'ಓದಿ ದಾಖಲಿಸಲಾಯಿತು' ಎಂದರೆ ಕೇಳಿಸಿಕೊಂಡರು, ಅಷ್ಟೇ. 'ಘಟನೋತ್ತರ ಮಂಜೂರಾತಿ' ಎಂದರೆ ಕೆಲಸ ಆಗಲೇ ಮುಗಿದಿದೆ, ಈಗ ಮುದ್ರೆ ಬಿತ್ತು. ಕಾರ್ಯಸೂಚಿಯ ತುದಿಯಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಎಂಬ ಸಾಲಿರುತ್ತದೆ (ಇಲ್ಲಿ ಅಧ್ಯಕ್ಷರೆಂದರೆ ಸಭೆ ನಡೆಸುವ ಮೇಯರ್). ಅದನ್ನು ಬಿಟ್ಟು ಓದುವವರೇ ಆಮೇಲೆ ಬಾಯಿ ಬಡಿದುಕೊಳ್ಳುವುದು.

ಅಂಗೀಕಾರವಾದರೂ ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ ಬಾಕಿ. ದೊಡ್ಡ ಮೊತ್ತವಾದರೆ ಸರ್ಕಾರದ ಅನುಮೋದನೆಯೂ ಬೇಕು. ಈ ನಡುವೆ ಮೇಯರ್ ಬದಲಾಗುತ್ತಾರೆ, ಅವರ ಅವಧಿ ಒಂದೇ ವರ್ಷ. ಹಾಗಾಗಿ ಇಂಜಿನಿಯರ್ ಮುಂದೆ 'ಸಾಹೇಬರು ಹೇಳಿದ್ದರು' ಎನ್ನಬೇಡಿ. ಸಭೆಯ ದಿನಾಂಕ, ವಿಷಯ ಸಂಖ್ಯೆ, ಠರಾವು ಸಂಖ್ಯೆ ಹೇಳಿ. ಮೂರೂ ಇದ್ದರೆ ಕಡತ ಹುಡುಕದಿರಲು ನೆವ ಸಿಗದು.

ನಡವಳಿ ಕೈಗೆ ಸಿಗದಿದ್ದರೆ ಮಾಹಿತಿ ಹಕ್ಕು

- ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿ ಶುಲ್ಕ
- ಒಂದೇ ವಿಷಯ, 150 ಪದ ಮೀರಬಾರದು
- ಪ್ರತಿ ಪುಟಕ್ಕೆ 2 ರೂಪಾಯಿ
- 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಮೊದಲ ಮೇಲ್ಮನವಿ
- ಸ್ವೀಕೃತಿ ಮುದ್ರೆ ಇಲ್ಲದೆ ಕೌಂಟರ್ ಬಿಡಬೇಡಿ

'ಯಾಕೆ ರಸ್ತೆ ಆಗಿಲ್ಲ?' ಎಂದು ಬರೆದರೆ ಅರ್ಜಿ ಬಿದ್ದುಹೋಗುತ್ತದೆ. ಕೇಳಬೇಕಾದದ್ದು ಕಾರಣವಲ್ಲ, ದಾಖಲೆ: 'ಇಂಥ ದಿನದ ಸಭೆಯ ನಡವಳಿಯ ದೃಢೀಕೃತ ಪ್ರತಿ'.

ಅರ್ಜಿ ಕನ್ನಡದಲ್ಲೇ ಇರಲಿ. ಇಲ್ಲಿ ಉರ್ದು, ಹಿಂದಿ, ಮರಾಠಿ, ತೆಲುಗು ಎಲ್ಲ ಕಿವಿಗೆ ಬೀಳುತ್ತವೆ. ಹಾಗೆಂದು ಮೈಸೂರು ಕಡೆಯಿಂದ ಬಂದವರು ಕೌಂಟರಿನಲ್ಲಿ ಹರಕು ಹಿಂದಿ ಶುರುಮಾಡುವುದು ನಾಚಿಕೆಗೇಡು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಅಂಗಡಿ ಇಡುವವರು ನಾಮಫಲಕದಲ್ಲಿ 60% ಕನ್ನಡ ಇರಿಸಿಯೇ ಲೈಸೆನ್ಸಿಗೆ ಹೋಗಿ.

ತೆರಿಗೆ

ವರ್ಷದ ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ.

ಯಾದಗಿರಿಗೆ ವರ್ಗವಾದವರಿಗೆ

ಅಲ್ಲಿರುವುದು ನಗರಸಭೆ. ಮೇಯರ್ ಇಲ್ಲ, ಅಧ್ಯಕ್ಷರು. ಆಯುಕ್ತರ ಜಾಗದಲ್ಲಿ ಪೌರಾಯುಕ್ತರು. ನಡವಳಿ ಕೇಳುವ ಕ್ರಮ ಮಾತ್ರ ಇದೇ.