ಕಾಫಿ ಚೀಟಿಯ ಹಿಂದೆ ಒಂದು ಡೇಟಾಬೇಸ್

ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಕೊಳ್ಳುವ ಸಣ್ಣ ಅಂಗಡಿ. ಬೆಳೆಗಾರರು ಮೂಟೆ ತಂದರೆ ತೂಕ ಹಾಕಿ, ತೇವಾಂಶ ನೋಡಿ ಚೀಟಿ ಕೊಡುತ್ತೇವೆ. ಚೀಟಿ ಲಿಬ್ರೆಆಫೀಸ್ ರೈಟರ್‌ನಲ್ಲಿ ಮಾಡಿದ್ದು, ಪ್ರತಿ ಚೀಟಿಗೂ ಒಂದು ಫೈಲ್. "ನಂದು ಈ ಸಲ ರೋಬಸ್ಟಾ ಚೆರ್ರಿ ಒಟ್ಟು ಎಷ್ಟಾಯ್ತು?" ಅಂತ ಯಾರಾದರೂ ಕೇಳಿದರೆ ಫೈಲ್‌ಗಳನ್ನು ಒಂದೊಂದೇ ತೆರೆದು ಕೂಡಬೇಕಿತ್ತು.

ಬಿಲ್ಲಿಂಗ್ ಸಾಫ್ಟ್‌ವೇರ್ ತಗೊಳ್ಳಿ ಅಂದವರಿದ್ದರು. ನನಗೆ ಬೇಡ ಅನ್ನಿಸಿತು. ಚೀಟಿ ಬರೆಯುವ ಹುಡುಗನಿಗೆ ಹಳೇ ಚೀಟಿಯೇ ಚೆನ್ನಾಗಿ ಗೊತ್ತು. ಅದನ್ನು ಹಾಗೇ ಇಟ್ಟು ಹಿಂದೆ ಡೇಟಾಬೇಸ್ ಸೇರಿಸಿದರೆ ಆಯ್ತಲ್ವಾ?

ಮೊದಲು ಲಿಬ್ರೆಆಫೀಸ್‌ನದೇ ಡೇಟಾಬೇಸ್ ಪ್ರೋಗ್ರಾಂ ಆದ ಬೇಸ್‌ನಲ್ಲಿ ಎರಡು ಟೇಬಲ್ ಮಾಡಿದೆ: ಬೆಳೆಗಾರರು, ಚೀಟಿಗಳು. ಎರಡಕ್ಕೂ ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್, ಕೊಡಲೇಬೇಕು. ಇಲ್ಲದಿದ್ದರೆ ಟೇಬಲ್ ಓದಲು ಮಾತ್ರ ಸಿಗುತ್ತದೆ, ಹೊಸದೇನೂ ತುಂಬಲಾಗುವುದಿಲ್ಲ. ತೂಕದ ಕಾಲಂಗೆ ಡೆಸಿಮಲ್ ಆರಿಸಿ, ದಶಮಾಂಶ ಸ್ಥಾನ 2 ಎಂದು ಹಾಕಿದೆ. 48.5 ಕೆಜಿಯ ಅರ್ಧ ಕೆಜಿ ಮಾಯವಾದರೆ ಬೆಳೆಗಾರ ಸುಮ್ನೆ ಬಿಡ್ತಾನಾ? ಆಮೇಲೆ ರೈಟರ್‌ಗೂ ಸಿಗಲಿ ಅಂತ ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಆ ಡೇಟಾಬೇಸನ್ನು ರಿಜಿಸ್ಟರ್ ಮಾಡಿದೆ.

ಇನ್ನು ಚೀಟಿ. ರೈಟರ್‌ನಲ್ಲಿ ಡಿಸೈನ್ ಮೋಡ್ ಹಾಕಿ, ಚುಕ್ಕೆ ಗೆರೆ ಇದ್ದ ಕಡೆಯಲ್ಲೆಲ್ಲ ಟೆಕ್ಸ್ಟ್ ಬಾಕ್ಸ್ ಎಳೆದೆ. ಫಾರ್ಮ್ ಪ್ರಾಪರ್ಟೀಸ್‌ನ ಡೇಟಾ ಟ್ಯಾಬ್‌ನಲ್ಲಿ ಡೇಟಾಬೇಸ್, ಟೇಬಲ್ ಹೆಸರು ಆರಿಸಿದೆ. ಪ್ರತಿ ಬಾಕ್ಸ್‌ನ ಡೇಟಾ ಫೀಲ್ಡ್‌ನಲ್ಲಿ ಅದರ ಕಾಲಂ. ಇಷ್ಟೇ ಜೋಡಣೆ.

ತಲೆ ಜಾಸ್ತಿ ಓಡಿಸಬೇಕಾದದ್ದು ಬೆಳೆಗಾರರ ಹೆಸರಿಗೆ. ಹಳೇ ಚೀಟಿಗಳಲ್ಲಿ ಒಬ್ಬರೇ ಒಂದು ಕಡೆ ಮಂಜೇಗೌಡ, ಇನ್ನೊಂದು ಕಡೆ ಮಂಜೆ ಗೌಡ. ಕಂಪ್ಯೂಟರ್‌ಗೆ ಅವರು ಇಬ್ಬರು. ಅದಕ್ಕೇ ಹೆಸರನ್ನು ಟೈಪ್ ಮಾಡಲು ಬಿಡದೆ ಲಿಸ್ಟ್ ಬಾಕ್ಸ್ ಇಟ್ಟೆ. ಅದರಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಬರೆದು ಬೆಳೆಗಾರರ ಟೇಬಲ್‌ನಿಂದ ಮೊದಲು ಹೆಸರು, ಆಮೇಲೆ ನಂಬರ್ ತರಿಸಿದೆ. ಬೌಂಡ್ ಫೀಲ್ಡ್, ಅಂದರೆ ಟೇಬಲ್‌ಗೆ ಸೇರಬೇಕಾದ ಕಾಲಂ, 1. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 1 ಅಂದರೆ ಎರಡನೇ ಕಾಲಂ. ಕಣ್ಣಿಗೆ ಕಾಣುವುದು ಹೆಸರು, ಟೇಬಲ್‌ಗೆ ಹೋಗುವುದು ನಂಬರ್. ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಇತ್ಯಾದಿ ನಾಲ್ಕು ಬಗೆಗೂ ಇನ್ನೊಂದು ಲಿಸ್ಟ್.

ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಹೆಸರುಗಳನ್ನು ಯೂನಿಕೋಡ್‌ಗೆ ಬದಲಿಸಿಯೇ ಸೇರಿಸಿದೆ. ಇಲ್ಲದಿದ್ದರೆ ಹುಡುಕಿದರೂ ಸಿಗವು, ಅಕಾರಾದಿಯಾಗಿಯೂ ನಿಲ್ಲವು.

ಪ್ರಿಂಟ್‌ನಲ್ಲಿ ಚೀಟಿ ಮೊದಲಿನ ಹಾಗೇ ಕಾಣಲಿ ಅಂತ ಬಾಕ್ಸ್‌ಗಳ ಬಾರ್ಡರ್ ತೆಗೆದೆ. ಚೀಟಿಯಲ್ಲಿ ಇಟ್ಟ ಬಟನ್‌ಗಳು ಅಚ್ಚಾಗದಂತೆ ಅವಕ್ಕೆ ಪ್ರಿಂಟಬಲ್ 'ನೋ' ಕೊಟ್ಟೆ. ಒಟ್ಟು ಬೇಕಾದಾಗ ಬೇಸ್‌ನಲ್ಲಿ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ): ಹೆಸರು, ಬಗೆಗೆ ಗ್ರೂಪ್, ತೂಕಕ್ಕೆ ಸಮ್.

ಒಂದು ಎಚ್ಚರಿಕೆ. ಈ ಡೇಟಾ ಎಲ್ಲ ಬೇಸ್‌ನ ಒಂದೇ ಒಡಿಬಿ (.odb) ಫೈಲ್‌ನೊಳಗೆ ಇರುತ್ತದೆ. ಚೀಟಿಯಲ್ಲಿ ರೆಕಾರ್ಡ್ ಸೇವ್ ಮಾಡಿದರೆ ಸಾಲದು, ಬೇಸ್ ಫೈಲನ್ನೂ ಸೇವ್ ಮಾಡಬೇಕು. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಹಾಗಾಗಿ ಯುಪಿಎಸ್ ಇಟ್ಟಿದ್ದೇವೆ, ಸಂಜೆ ಅಂಗಡಿ ಮುಚ್ಚುವಾಗ ಫೈಲ್ ಪೆನ್‌ಡ್ರೈವ್‌ಗೂ ಹೋಗುತ್ತದೆ.