ಬಲಿಪೀಠದ ಹಿಂದಿನ ಗೋಡೆಗೆ ಸುಣ್ಣದ ಗಾರೆ: ನನ್ನ ಅನುಭವ

ಎರಡು ಮಳೆಗಾಲ ಕಳೆಯಿತು, ಗೋಡೆ ಉಬ್ಬಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ನೀವೆಲ್ಲ ನಗುತ್ತಿದ್ದಿರಿ ಅಲ್ವಾ?

ತೀರ್ಥಹಳ್ಳಿ ಕಡೆಯ ಹಳೇ ಚರ್ಚು. ಜಂಬಿಟ್ಟಿಗೆ ಗೋಡೆ. ಯಾರೋ ಪುಣ್ಯಾತ್ಮರು ಅದಕ್ಕೆ ಸಿಮೆಂಟ್ ಬಳಿದು, ಪುಟ್ಟಿ ಹಾಕಿ, ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದರು. ಆಗುಂಬೆ ಪಕ್ಕದ ಮಳೆ ಗೊತ್ತಲ್ಲ. ಕಲ್ಲು ಕುಡಿದ ನೀರಿಗೆ ಹೊರಬರಲು ದಾರಿಯೇ ಇಲ್ಲ. ಪ್ರತಿ ಆಗಸ್ಟ್‌ನಲ್ಲಿ ಪರಮಪ್ರಸಾದ ಇಡುವ ಪೆಟ್ಟಿಗೆಯ ಹಿಂದೆ ಬಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ಪೂಜೆ ನಡೆಯುವಾಗಲೇ ಚೂರು ಉದುರುತ್ತಿತ್ತು.

ಸಮಿತಿಯವರು ವಾಟರ್‌ಪ್ರೂಫಿಂಗ್ ಎಂದರು. ಸಿಮೆಂಟ್ ಕಿತ್ತು ಗಾರೆ ಹಾಕೋಣ ಎಂದೆ ನಾನು. "ಯಾವ ಕಾಲದ ಮಾತು ಮಾರಾಯ" ಎಂದು ನಕ್ಕರು. ಹಾಸನದ ಶೆಟ್ಟಿಹಳ್ಳಿ ಚರ್ಚು ನೋಡಿ, 1860ರ ಆಸುಪಾಸಿನದು, ಗೊರೂರು ಹಿನ್ನೀರಲ್ಲಿ ಮುಳುಗೆದ್ದೂ ಗೋಡೆ ನಿಂತಿವೆ ಎಂದೆ. "ಅದಕ್ಕೆ ಚಾವಣಿಯೇ ಇಲ್ವಲ್ಲ" ಎಂದರೊಬ್ಬರು. ಫಾದರ್ ಮಾತ್ರ "ಒಂದು ಗೋಡೆ ಮಾಡಿ ತೋರಿಸಿ" ಎಂದರು.

ಮೊದಲ ಸಲ ನೆಗೆದುಬಿತ್ತು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ ಹತ್ತೇ ದಿನಕ್ಕೆ ಬಳಸಿದ್ದೆ. ಅರಳದೆ ಉಳಿದ ಹರಳುಗಳು ಗೋಡೆಯಲ್ಲಿ ಅರಳಿ, ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದವು. ಗಾರೆಗೆ ಬೆರೆಸುವ ಬೆಲ್ಲವೂ ಜಾಸ್ತಿಯಾಗಿತ್ತು. ಇರುವೆ ಸಾಲು ಬಲಿಪೀಠದವರೆಗೆ! ಕೂಲಿ ಸೇರಿ ಇಪ್ಪತ್ತು ಸಾವಿರದಷ್ಟು ನನ್ನ ಜೇಬಿನಿಂದ ಹೋಯಿತು. ಮನೆಯಾಕೆ ಎರಡು ದಿನ ಮಾತಾಡಲಿಲ್ಲ.

ಎರಡನೇ ಸಲ ಕುಂದಾಪುರ ಕಡೆಯಿಂದ ಚಿಪ್ಪಿನ ಸುಣ್ಣ ತಂದೆ. ಎರಡು ತಿಂಗಳು ತೊಟ್ಟಿಯಲ್ಲಿ ಮುಟ್ಟದೆ ಬಿಟ್ಟೆ. ಅಷ್ಟು ದಿನ ಗೋಡೆಯನ್ನೂ ಬೋಳಾಗಿಯೇ ಒಣಗಿಸಿದೆ. ಆಮೇಲೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲ. ಎಷ್ಟೆಷ್ಟು ಎಂದು ಕೇಳಬೇಡಿ, ಹೊಟ್ಟೆಪಾಡು. ಮೂರು ಪದರ ಹಾಕಿ, ಒದ್ದೆ ಗೋಣಿ ಹೊದಿಸಿ ಕಾದೆ. ಕ್ರಿಸ್ಮಸ್ ಮುಗಿದ ಮೇಲೆ ಶುರು ಮಾಡಿದ್ದು ಈಸ್ಟರ್ ಹೊತ್ತಿಗೆ ಮುಗಿಯಿತು. ಲಕ್ಷದ ಹತ್ತು ಹದಿನೈದು ಸಾವಿರ ಆಗಿರಬೇಕು. ವಾಟರ್‌ಪ್ರೂಫಿಂಗ್‌ಗೆ ಕೇಳಿದ್ದು ಒಂದೂವರೆ ಲಕ್ಷ.

ಬಣ್ಣದ ಕಥೆಯೇ ಬೇರೆ. ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಸ್ಕೇನಿ ಬರೆದ ಗೋಡೆಚಿತ್ರ ನೋಡಿದ ಹುಚ್ಚು ನನಗೆ. ಮರಿಯಮ್ಮನ ಗೂಡಿಗೆ ಹಸಿ ಗಾರೆಯ ಮೇಲೇ ನೀಲಿ ಹಚ್ಚುತ್ತೇನೆ ಎಂದು ಹಠ ಹಿಡಿದೆ. ಅಂಗಡಿಯ ಗಾಢ ನೀಲಿ ಪುಡಿ ಕೆಲವೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಅದು ಪ್ರಷ್ಯನ್ ಬ್ಲೂ, ಸುಣ್ಣದ ಕ್ಷಾರ ತಡೆಯುವುದಿಲ್ಲ. ಅಲ್ಟ್ರಾಮರೀನ್ ತಡೆಯುತ್ತದೆ. ಹಿಂದೆ ಅಮ್ಮ ಬಿಳಿ ಬಟ್ಟೆಗೆ ಹಾಕುತ್ತಿದ್ದ ಪುಡಿ ನೀಲಿಯೂ ಅದೇ ಜಾತಿ! ಅದನ್ನೇ ಹಚ್ಚಿದೆ, ಇನ್ನೂ ಹಾಗೇ ಇದೆ. ಸುಮ್ನೆ ನೋಡೋಣವೆಂದು ಒಂದು ಮೂಲೆಗೆ ಮೊಟ್ಟೆಯ ಬಿಳಿ ಸವರಿ ಉಜ್ಜಿದೆ. ಹೊಳಪು ಬಂತು, ವಾರ ವಾಸನೆಯೂ ಬಂತು.

ಈಗ ನಕ್ಕವರೇ ಶಿಲುಬೆಹಾದಿಯ 14 ಚಿತ್ರ ತೂಗಿರುವ ಅಕ್ಕಪಕ್ಕದ ಗೋಡೆಗಳಿಗೂ ಮಾಡಿಕೊಡು ಎನ್ನುತ್ತಿದ್ದಾರೆ. ಸುಣ್ಣ ತೊಟ್ಟಿಗೆ ಬಿದ್ದಾಗಿದೆ. ರೇಟು ಮಾತ್ರ ಹಳೆಯದಲ್ಲ.