ಕಾಗದ ಪತ್ರಕ್ಕೂ ಒಂದು ಜಾಗ ಬೇಕು

ಈಚೆಗೆ ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಮನೆಗೆ ಇ-ಖಾತಾ, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಮಾಡಿಸಬೇಕು ಅಂತ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಬೆಳಗ್ಗೆಯಿಂದ ಮನೆಯೆಲ್ಲಾ ಜಾಲಾಡುತ್ತಿದ್ದರು. ಕ್ರಯಪತ್ರ ಸೂಟ್‌ಕೇಸಿನಲ್ಲಿ, ಮಗುವಿನ ಸ್ವೆಟರುಗಳ ಕೆಳಗೆ ಸಿಕ್ಕಿತು. ಕಂದಾಯ ಕಟ್ಟಿದ ರಸೀದಿ ಫ್ರಿಜ್ಜಿನ ಮೇಲಿನ ಬುಟ್ಟಿಯಲ್ಲಿ, ಹಳೇ ಮದುವೆ ಕಾಗದಗಳ ಜೊತೆಗಿತ್ತು. ಕರೆಂಟ್ ಬಿಲ್ಲು ಸಿಗಲೇ ಇಲ್ಲ. ಅದರಲ್ಲಿರುವ ಆರ್‌ಆರ್ ನಂಬರಿಗಾಗಿ, ಅಂದರೆ ಕರೆಂಟ್ ಸಂಪರ್ಕದ ನಂಬರಿಗಾಗಿ, ಮಗ ಕೆಳಗಿನ ಮನೆಯವರನ್ನೆಲ್ಲಾ ಕೇಳಿಕೊಂಡು ಬಂದ. ಅಷ್ಟೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಒಲೆ ಮೇಲೆ ಅನ್ನಕ್ಕೂ ಇಟ್ಟಿರಲಿಲ್ಲ.

ಇಬ್ಬರೂ ದುಡಿಯುವ ಮಕ್ಕಳು, ಸೋಮಾರಿಗಳೇನಲ್ಲ. ಆದರೆ ಕಾಗದ ಕೈಗೆ ಬಂದ ಕೂಡಲೇ "ಆಮೇಲೆ ಎತ್ತಿಟ್ಟರಾಯಿತು" ಅಂತ ಸಿಕ್ಕಿದಲ್ಲಿ ತುರುಕುತ್ತಾರಲ್ಲ, ಅದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ. ಊಟದ ಮೇಜು ಊಟಕ್ಕೆ. ಟಿವಿ ಹಿಂದೆ, ದೇವರ ಗೂಡಿನಲ್ಲಿ, ಹಾಸಿಗೆ ಕೆಳಗೆ ಕಾಗದ ಇಡುವುದನ್ನು ಮೊದಲು ನಿಲ್ಲಿಸಿ.

ಬಾಗಿಲ ಹತ್ತಿರ ಒಂದು ಬುಟ್ಟಿ ಇಡಿ. ಹೊರಗಿನಿಂದ ಬಂದ ಪ್ರತಿ ಕಾಗದವೂ ಮೊದಲು ಅದಕ್ಕೇ ಬೀಳಬೇಕು. ಬುಟ್ಟಿ ಮೊರದಷ್ಟು ದೊಡ್ಡದಿರಬಾರದು, ವಾರದಲ್ಲಿ ತುಂಬಿಬಿಡುವಷ್ಟು ಚಿಕ್ಕದಿರಲಿ. ದೊಡ್ಡದಿದ್ದರೆ ನೀವು ಅದನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಶನಿವಾರ ಸಂಜೆ ಕಾಫಿ ಕುಡಿಯುತ್ತಾ ಖಾಲಿ ಮಾಡಿ, ಕಾಲು ಗಂಟೆ ಸಾಕು. ಪಕ್ಕದಲ್ಲೇ ಎರಡು ಮೊಳೆ ಹೊಡೆದು ಬೀಗದ ಕೈ ನೇತುಹಾಕಿ, ಅದೂ ಒಂದು ಹುಡುಕಾಟ ತಪ್ಪುತ್ತದೆ.

ಕರೆಂಟು, ನೀರಿನ ಬಿಲ್ಲು ಒಂದು ವರ್ಷದ್ದಿದ್ದರೆ ಸಾಕು. ಮುಂದಿನ ಬಿಲ್ಲಿನಲ್ಲಿ ಬಾಕಿ ಇಲ್ಲ ಅಂತ ಬಂದ ಮೇಲೆ ಹಿಂದಿನದಕ್ಕೆ ಅಷ್ಟೇನೂ ಕೆಲಸವಿಲ್ಲ. ಆಸ್ತಿಯ ಕಂದಾಯದ ರಸೀದಿಯನ್ನು ಮಾತ್ರ ಯಾವತ್ತೂ ಎಸೆಯಬೇಡಿ, ಎಷ್ಟೇ ಹಳೆಯದಿರಲಿ. ಅಂಗಡಿಯಲ್ಲಿ, ಎಟಿಎಮ್ಮಿನಲ್ಲಿ ಕೊಡುವ ನುಣುಪು ಚೀಟಿ ಇದೆಯಲ್ಲ, ಅದರಲ್ಲಿ ಮಸಿಯೇ ಇಲ್ಲ. ಬಿಸಿ ತಾಗಿಸಿ ಅಕ್ಷರ ಮೂಡಿಸಿರುತ್ತಾರೆ. ಒಂದೆರಡು ವರ್ಷದಲ್ಲಿ ಅದು ಬೋಳು ಕಾಗದವಾಗುತ್ತದೆ. ಮಿಕ್ಸಿಗೋ ಫ್ರಿಜ್ಜಿಗೋ ವಾರಂಟಿ ಬೇಕಿದ್ದರೆ ತಂದ ದಿನವೇ ಜೆರಾಕ್ಸ್ ಮಾಡಿಸಿ, ವಾರಂಟಿ ಕಾರ್ಡಿನ ಜೊತೆ ಇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ, ಕಾಗದ ಪತ್ರ ಇಡುವ ಬಟ್ಟೆ ಚೀಲ. ಸೊಸೆ ಮೊದಲು ನಕ್ಕಳು, ನೀವೂ ನಗಬಹುದು. ನಾನು ಮಾತ್ರ ಇದನ್ನು ಬಿಡುವವಳಲ್ಲ.

ನನ್ನ ಅಮ್ಮನ ಅಪ್ಪ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದರು. 1963ರಲ್ಲಿ ಆ ಹುದ್ದೆಯೇ ಹೋಯಿತು. ನಾನಾಗ ಚಿಕ್ಕವಳು. ಆದರೆ ಅಜ್ಜ ದಫ್ತರ ಬಿಚ್ಚುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಲೆಕ್ಕದ ಪುಸ್ತಕಗಳನ್ನು ಕೆಂಪು ಹತ್ತಿ ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿಡುತ್ತಿದ್ದರು. ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಆಮೇಲೇ ಗಂಟಿಗೆ ಕೈ ಹಾಕುವುದು. ಮಲೆನಾಡಿನ ಮಳೆಯಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತಿತ್ತು, ಅಜ್ಜನ ಪುಸ್ತಕಕ್ಕೆ ಹಿಡಿಯುತ್ತಿರಲಿಲ್ಲ. ಬಟ್ಟೆಗೆ ಗಾಳಿ ಆಡುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಥಂಡಿ ಹೊಕ್ಕರೆ ಹೊರಗೆ ಬರುವುದಿಲ್ಲ. ಮೇಲಾಗಿ ಜೆರಾಕ್ಸಿನ ಮಸಿ ಪ್ಲಾಸ್ಟಿಕ್ಕಿಗೆ ಅಂಟಿ, ಎಳೆದರೆ ಅಕ್ಷರಗಳೆಲ್ಲಾ ಕವರಿಗೇ ಕಿತ್ತು ಬರುತ್ತವೆ. ಆ ಬಣ್ಣಬಣ್ಣದ ಫೈಲು ನೋಡಲಷ್ಟೇ ಚೆಂದ.

ಚೀಲಕ್ಕೆ ಹಳೇ ಹತ್ತಿ ಸೀರೆಯೇ ಆಗಬೇಕು, ಉಟ್ಟು ಉಟ್ಟು ಮೆತ್ತಗಾದದ್ದು. ಸಿಂಥೆಟಿಕ್ ಬೇಡವೇ ಬೇಡ. ಬಿಸಿನೀರಿನಲ್ಲಿ ಎರಡು ಸಲ ಒಗೆದು ಗಂಜಿಯ ಅಂಶ ಪೂರ್ತಿ ತೆಗೆಯಿರಿ. ಗಂಜಿ ಇದ್ದರೆ ಜಿರಲೆಯನ್ನು, ಕಾಗದ ತಿನ್ನುವ ಆ ಬೆಳ್ಳಗಿನ ಹುಳವನ್ನು ನೀವೇ ಊಟಕ್ಕೆ ಕರೆದ ಹಾಗೆ. ಒಣಗಿದ ಮೇಲೆ ಇಸ್ತ್ರಿ ಮಾಡಿ. ಮಡಿಕೆ ಕೆಳಗೆ ಬರುವ ಹಾಗೆ ಬಟ್ಟೆಯನ್ನು ಎರಡು ಪದರ ಮಾಡಿ. ಒಂದು ಛಾಪಾ ಕಾಗದವನ್ನು ಮಡಿಸದೆ ಅದರ ಮೇಲಿಟ್ಟು, ಸುತ್ತಲೂ ನಾಲ್ಕು ಬೆರಳು ಜಾಸ್ತಿ, ಹಿಂದಿನ ಪದರದಲ್ಲಿ ಮುಚ್ಚಳಕ್ಕಾಗುವಷ್ಟು ಇನ್ನೂ ಉದ್ದ ಬಿಟ್ಟು ಕತ್ತರಿಸಿ. ಎರಡು ಪಕ್ಕ ಹೊಲಿಯಿರಿ. ಮೇಲಿನ ಮುಚ್ಚಳದ ಬಟ್ಟೆ ಅರ್ಧ ಚೀಲದವರೆಗಾದರೂ ಇಳಿಯಬೇಕು, ಗಿಡ್ಡವಾದರೆ ಮೂಲೆಯಿಂದ ಧೂಳು ನುಗ್ಗುತ್ತದೆ. ಮುಚ್ಚಳದ ನಟ್ಟನಡುವೆ ಒಂದು ಲಾಡಿ ಹೊಲಿದು, ಚೀಲಕ್ಕೆ ಎರಡು ಸುತ್ತು ಸುತ್ತಿ ಜಾರುಗಂಟು ಹಾಕಿ. ಒಳಗೆ ಬಾಗದ ಹಾಗೆ ಒಂದು ರಟ್ಟು. ಗುಂಡಿ, ಜಿಪ್ಪು ಏನೂ ಬೇಡ, ತುಕ್ಕು ಹಿಡಿಯುತ್ತವೆ. ಕಾಗದಕ್ಕೆ ಪಿನ್ನು ಚುಚ್ಚುವವರಿಗೂ ಅದೇ ಮಾತು. ಒಂದು ಮಳೆಗಾಲ ಕಳೆದರೆ ಪಿನ್ನಿನ ಸುತ್ತ ಕಂದು ಕಲೆ ಕೂತಿರುತ್ತದೆ. ರಬ್ಬರ್ ಬ್ಯಾಂಡು ಬೇಸಿಗೆಯಲ್ಲಿ ಕರಗಿ ಕಾಗದಕ್ಕೇ ಅಂಟುತ್ತದೆ.

ಒಂದೊಂದು ಬಾಬಿಗೆ ಒಂದೊಂದು ಸೀರೆ. ನಮ್ಮಲ್ಲಿ ಹಸಿರು ಜಮೀನಿಗೆ, ಪಹಣಿ, ನಕ್ಷೆ ಎಲ್ಲಾ ಅದರಲ್ಲಿ. ಕೆಂಪು ಮನೆಗೆ. ಹಳದಿಯಲ್ಲಿ ಜನನ ಪತ್ರ, ಮಾರ್ಕ್ಸ್ ಕಾರ್ಡು. ನೀಲಿ ಬ್ಯಾಂಕು, ವಿಮೆಗೆ. ಬಿಳಿ ಆಸ್ಪತ್ರೆಗೆ. ಬಿಳಿಯದು ಮಾತ್ರ ಟ್ರಂಕಿಗೆ ಹೋಗುವುದಿಲ್ಲ, ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿರುತ್ತದೆ.

ನಾನು ಮಗಳ ಬಾಣಂತನಕ್ಕೆ ಹೋಗಿದ್ದಾಗ ಒಂದು ರಾತ್ರಿ ನಮ್ಮ ಮನೆಯವರಿಗೆ ಎದೆನೋವು ಬಂತು. ಪಕ್ಕದ ಮನೆ ಹುಡುಗ ಫೋನ್ ಮಾಡಿದ. "ಬಾಗಿಲ ಹಿಂದಿನ ಬಿಳಿ ಚೀಲ ತಗೊಂಡು ಹೊರಡಪ್ಪಾ" ಅಂದೆ, ಅಷ್ಟೇ. ದಿನಾ ತಗೊಳ್ಳುವ ಮಾತ್ರೆಗಳ ಚೀಟಿ, ಹಳೇ ಇಸಿಜಿ, ವಿಮೆ ಕಾರ್ಡು ಎಲ್ಲಾ ಅದರಲ್ಲೇ ಇತ್ತು, ಹೊಸದು ಮೇಲೆ, ಹಳೆಯದು ಕೆಳಗೆ. ಡಾಕ್ಟರು ಕೇಳಿದ್ದಕ್ಕೆಲ್ಲಾ ಆ ಹುಡುಗ ತೆಗೆತೆಗೆದು ಕೊಟ್ಟ. ನೀವಿಲ್ಲದಾಗ ಬೇರೆಯವರ ಕೈಗೆ ಕತ್ತಲಲ್ಲೂ ಸಿಗುವ ಹಾಗೆ ಇಡಬೇಕು. ನಿಮಗೊಬ್ಬರಿಗೇ ಗೊತ್ತಿದ್ದು ಏನು ಪ್ರಯೋಜನ?

ಪ್ರತಿ ಚೀಲದಲ್ಲೂ ಎಲ್ಲಕ್ಕಿಂತ ಮೇಲೆ ಒಂದು ಮುಖಚೀಟಿ ಇರಲಿ. ಒಳಗೆ ಏನೇನಿದೆ ಅಂತ ಪೆನ್ಸಿಲಿನಲ್ಲಿ ಬರೆಯಿರಿ. ನೀರು ಬಿದ್ದರೆ ಪೆನ್ನಿನ ಮಸಿ ಹರಡುತ್ತದೆ, ಪೆನ್ಸಿಲಿನದು ಹಾಗಾಗುವುದಿಲ್ಲ. ಮೂಲ ಪತ್ರ ಹೊರಗೆ ತೆಗೆದರೆ ಅದರ ಜಾಗದಲ್ಲಿ ಒಂದು ತುಂಡು ಕಾಗದ ಹಾಕಿ: ಯಾರು, ಯಾವ ತಾರೀಕು, ಎಲ್ಲಿಗೆ. ನನ್ನ ಮೈದುನ ಹಾಗೆ ಬರೆದಿಡದೆ ಸಾಲಕ್ಕೆಂದು ತೋಟದ ಪತ್ರ ಒಯ್ದ. ಮೂರು ವರ್ಷ ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನ. ಕೊನೆಗೆ ಸಿಕ್ಕಿದ್ದು ಅವನ ಸ್ಕೂಟರಿನ ಡಿಕ್ಕಿಯಲ್ಲಿ. ನಾಲ್ಕು ಮಡಿಕೆ ಮಾಡಿದ್ದರಿಂದ ಮಡಿಕೆಯ ಗೆರೆ ಸರಿಯಾಗಿ ಚಕ್ಕುಬಂದಿಯ ಸಾಲಿನ ಮೇಲೇ ಹರಿದಿತ್ತು. ಪೂರ್ವಕ್ಕೆ ಯಾರ ಜಮೀನು ಅಂತ ಓದಲಾಗಲಿಲ್ಲ. ಪತ್ರದ ನೋಂದಣಿ ನಂಬರು, ವರ್ಷ ನಾನು ಮುಖಚೀಟಿಯಲ್ಲಿ ಬರೆದಿದ್ದೆ, ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ತೆಗೆಸಿದೆವು. ಅದಕ್ಕೇ ಹೇಳುವುದು, ನಂಬರು ಬೇರೆ ಕಡೆಯೂ ಬರೆದಿಡಿ ಅಂತ.

ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುವವರನ್ನು ಕಂಡರೆ ಬೈಯಬೇಕು ಅನಿಸುತ್ತದೆ. ಮಕ್ಕಳು ವಿದೇಶಕ್ಕೆ ಹೊರಟಾಗ ಮೂಲ ಪತ್ರದ ಮೇಲೇ ಮೊಹರು ಬೀಳಬೇಕಾಗುತ್ತದೆ. ಪ್ಲಾಸ್ಟಿಕ್ ಕಿತ್ತರೆ ಪತ್ರವೂ ಹರಿಯುತ್ತದೆ.

ನೀಲಿ ಚೀಲದ ಮುಖಚೀಟಿಯಲ್ಲಿ ಇನ್ನೊಂದು ಕಾಲಂ ಎಳೆಯಿರಿ, ನಾಮಿನಿ ಯಾರು ಅಂತ. ಎಷ್ಟೋ ಮನೆಗಳಲ್ಲಿ ತೀರಿಕೊಂಡವರ ಹೆಸರೇ ಹಾಗೇ ಇರುತ್ತದೆ. 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಣ ಮುಳುಗುವುದಿಲ್ಲ, ವಾರಸುದಾರರು ಕೇಳಿ ಪಡೆಯಬಹುದು. ಆದರೆ ಅಲ್ಲೊಂದು ಠೇವಣಿ ಇದೆ ಅಂತ ಅವರಿಗೆ ಗೊತ್ತಿರಬೇಕಲ್ವಾ?

ವರ್ಷಕ್ಕೊಮ್ಮೆ, ದೀಪಾವಳಿ ಕಳೆದು ಒಣಹವೆ ಶುರುವಾದಾಗ, ಟ್ರಂಕು ಖಾಲಿ ಮಾಡಿ ಕಾಗದಗಳಿಗೆ ಗಾಳಿ ಆಡಿಸಬೇಕು. ನೆರಳಿನಲ್ಲಿ ಮಾತ್ರ. ಬಿಸಿಲಿಗೆ ಹಾಕಿದರೆ ಮಸಿ ಮಾಸುತ್ತದೆ, ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಅಕ್ಕಿಯೂ ಹೀಗೇ ನೋಡಿ. ಹುಳ ಬಂತು ಅಂತ ಈಗಿನ ಹುಡುಗಿಯರು ಟೆರೇಸಿನಲ್ಲಿ ಸುಡುಬಿಸಿಲಿಗೆ ಹರವುತ್ತಾರೆ, ಆಮೇಲೆ ಅನ್ನ ಮಾಡಿದರೆ ಬರೀ ನುಚ್ಚು. ಬೇಳೆಗೆ ಬಿಸಿಲು, ಅಕ್ಕಿಗೆ ನೆರಳು. ಟ್ರಂಕಿನ ತಳಕ್ಕೆ ಗರಿಗರಿಯಾಗಿ ಒಣಗಿದ ಬೇವಿನೆಲೆ ಹಾಕಿ, ಮೇಲೊಂದು ಬಟ್ಟೆ ಹಾಸಿ ಚೀಲ ಜೋಡಿಸಿ. ಬಜೆ ಬೇರು ಸಿಕ್ಕರೆ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ. ಎಲೆ ಹಸಿಯಿದ್ದರೆ ಕಾಗದಕ್ಕೆ ಕಲೆ. ಟ್ರಂಕು ನೆಲಕ್ಕೆ, ಗೋಡೆಗೆ ತಾಗಬಾರದು, ಗೆದ್ದಲು ಅಲ್ಲಿಂದಲೇ ಹತ್ತುವುದು. ಕೆಳಗೆ ನಾಲ್ಕು ಇಟ್ಟಿಗೆ ಕೊಡಿ.

"ಅಮ್ಮಾ, ಎಲ್ಲಾ ಡಿಜಿಲಾಕರಿನಲ್ಲಿದೆ ಬಿಡು" ಅಂದ ಮಗ. ಇರಲಿ, ಒಳ್ಳೆಯದೇ, ನಾನೂ ಹಾಕಿಸಿಕೊಂಡಿದ್ದೇನೆ. ಆದರೆ ಅಜ್ಜನ ಕಾಲದ ಪಾಲುಪಟ್ಟಿ ಅದರಲ್ಲಿಲ್ಲ. ಬ್ಯಾಂಕಿನಲ್ಲಿ ಮನೆ ಸಾಲ ಕೇಳಿದರೆ ಮೂಲ ಪತ್ರವನ್ನೇ ಕೈಗೆ ಕೊಡಬೇಕು.

ಅವತ್ತು ರಾತ್ರಿಯೇ ಊರಿಂದ ತಂದಿದ್ದ ಸೀರೆಗಳನ್ನು ಕತ್ತರಿಸಿದೆ, ಮರುದಿನ ಸೊಸೆ ಹೊಲಿದಳು. ಅವರಿಗೆ ಜಮೀನಿಲ್ಲ, ಹಾಗಾಗಿ ಹಸಿರು ಚೀಲಕ್ಕೆ ವಾರಂಟಿ ಕಾರ್ಡುಗಳನ್ನು ಹಾಕಿಕೊಂಡಿದ್ದಾಳೆ. ಮೊನ್ನೆ ಫೋಟೋ ಕಳಿಸಿದ್ದಳು. ಮುಖಚೀಟಿ ಚೆನ್ನಾಗಿ ಬರೆದಿದ್ದಾಳೆ, ಲಾಡಿ ಮಾತ್ರ ಒಂದೇ ಸುತ್ತು ಸುತ್ತಿದ್ದಾಳೆ. ಎರಡು ಸುತ್ತು ಅಂತ ಮತ್ತೆ ಫೋನ್ ಮಾಡಿ ಹೇಳಿದೆ.